ಹುಬ್ಬಳ್ಳಿಯ ಕೀರ್ದಿಯಲ್ಲಿ ದೆಹಲಿ: ಊರಿಗೂ ರಾಜಧಾನಿಗೂ ಇರುವ ಹಣಕಾಸಿನ ನಂಟನ್ನು ಲೆಕ್ಕ ಹಾಕುವ ಬಗೆ

ದೆಹಲಿಯಿಂದ ಹುಬ್ಬಳ್ಳಿಗೆ ಏನು ಬಂದಿದೆ ಎಂದು ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ಶಂಕುಸ್ಥಾಪನೆಯ ಕಲ್ಲುಗಳ ಪಟ್ಟಿ: ಇಷ್ಟು ಕೋಟಿಯ ರಸ್ತೆ, ಇಷ್ಟು ಕೋಟಿಯ ನಿಲ್ದಾಣ, ಇಷ್ಟು ಕೋಟಿಯ ಸ್ಮಾರ್ಟ್ ಸಿಟಿ. ಹುಬ್ಬಳ್ಳಿಯಿಂದ ದೆಹಲಿಗೆ ಏನು ಹೋಗಿದೆ ಎಂದು ಕೇಳಿದರೆ ಉತ್ತರ ಇನ್ನೂ ಚಿಕ್ಕದಾಗಿ, "ತೆರಿಗೆ" ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಎರಡೂ ಉತ್ತರಗಳು ಸುಳ್ಳಲ್ಲ. ಆದರೆ ಇವೆರಡನ್ನೇ ನಂಬಿ ಬರೆದ ವರದಿಯಾಗಲಿ, ಮನವಿ ಪತ್ರವಾಗಲಿ, ಎಂ.ಎ. ಪ್ರಬಂಧವಾಗಲಿ ಒಬ್ಬ ತಿಳಿದವರು ಎರಡು ಪ್ರಶ್ನೆ ಕೇಳಿದ ಕೂಡಲೇ ಕುಸಿದು ಬೀಳುತ್ತದೆ. ಹಾಗಾಗದಂತೆ ಈ ನಂಟನ್ನು ಕ್ರಮವಾಗಿ ಹೇಗೆ ಹುಡುಕಬೇಕು, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಯೆಲ್ಲ ಹುಬ್ಬಳ್ಳಿಯದು, ಕಲಬುರಗಿಯವರು, ಶಿವಮೊಗ್ಗದವರು ಹೆಸರುಗಳನ್ನು ಬದಲಿಸಿಕೊಂಡು ಇದೇ ದಾರಿಯಲ್ಲಿ ಹೋಗಬಹುದು.

ಹಳೆಯ ಅಡತಿ ಅಂಗಡಿಗಳಲ್ಲಿ ಇಡುತ್ತಿದ್ದ ದಿನವಹಿ ಲೆಕ್ಕದ ಪುಸ್ತಕವಾದ ಕೀರ್ದಿಯಂತೆ ಒಂದು ಉದ್ದನೆಯ ಪುಸ್ತಕ ತೆಗೆದುಕೊಳ್ಳಿ. ಎಡಗಡೆ ದೆಹಲಿ, ಬಲಗಡೆ ಹುಬ್ಬಳ್ಳಿ ಎಂದು ಬರೆದು, ಪ್ರತಿ ಸಾಲಿಗೂ ತಾರೀಖನ್ನು ಕಡ್ಡಾಯವಾಗಿ ನಮೂದಿಸಿ. ಮೊತ್ತಕ್ಕಿಂತ ತಾರೀಖಿಗೆ ಹೆಚ್ಚು ಬೆಲೆ ಕೊಡಬೇಕು ಎಂಬುದು ನನ್ನ ಅನುಭವ. ಏಕೆಂದರೆ ದೆಹಲಿಯ ಜೊತೆಗಿನ ನಮ್ಮ ಸಂಬಂಧ ಅನುದಾನದ ಮೊತ್ತದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ, ಅಲ್ಲಿ ಒಂದು ಅಧಿಸೂಚನೆ ಹೊರಟ ದಿನಕ್ಕೂ ಇಲ್ಲಿ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ದರ ಬಿದ್ದ ದಿನಕ್ಕೂ ನಡುವಿನ ಅಂತರದಲ್ಲಿ ಕಾಣುತ್ತದೆ. ಒಂದು ರೂಪಾಯಿಯ ಪ್ರಸ್ತಾಪವೂ ಇಲ್ಲದ ಎರಡು ಪುಟಗಳ ಆದೇಶವೊಂದು, ಐನೂರು ಕೋಟಿಯ ಯೋಜನೆಗಿಂತ ಹೆಚ್ಚು ಹಣವನ್ನು ಊರಿನ ಒಳಕ್ಕೋ ಹೊರಕ್ಕೋ ತಳ್ಳಬಲ್ಲದು.

ಪುಸ್ತಕ ತೆರೆಯುವ ಮೊದಲು ಇನ್ನೊಂದು ಸಂಗತಿ ತೀರ್ಮಾನವಾಗಬೇಕು. "ಹುಬ್ಬಳ್ಳಿ" ಎಂದರೆ ಯಾವುದು? 1962ರಲ್ಲಿ ಒಂದಾದ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಗಡಿಯೇ, ಧಾರವಾಡ ಜಿಲ್ಲೆಯೇ, ಅಥವಾ ಹುಬ್ಬಳ್ಳಿಯ ಮಾರುಕಟ್ಟೆಗೆ ಮಾಲು ತರುವ ಗದಗ, ಹಾವೇರಿಯ ಹಳ್ಳಿಗಳೂ ಸೇರಿದ ಸೀಮೆಯೇ? ಪಾಲಿಕೆಯ ಅನುದಾನಕ್ಕೆ ಮೊದಲನೆಯ ಗಡಿ, ಬ್ಯಾಂಕಿನ ಅಂಕಿಗಳಿಗೆ ಎರಡನೆಯದು, ಮೆಣಸಿನಕಾಯಿ ಮತ್ತು ಉಳ್ಳಾಗಡ್ಡಿಗೆ ಮೂರನೆಯದು ಸರಿಹೊಂದುತ್ತದೆ. ಮೂರನ್ನೂ ಬಳಸುವುದು ತಪ್ಪಲ್ಲ, ಆದರೆ ಯಾವ ಸಾಲಿಗೆ ಯಾವ ಗಡಿ ಎಂದು ಪಕ್ಕದಲ್ಲಿ ಬರೆದುಕೊಳ್ಳದಿದ್ದರೆ ಆರು ತಿಂಗಳ ನಂತರ ನಿಮ್ಮ ಪುಸ್ತಕ ನಿಮಗೇ ಅರ್ಥವಾಗುವುದಿಲ್ಲ.

ಅನುದಾನದ ಸಾಲುಗಳನ್ನು ಬರೆಯುವಾಗ

ಕೇಂದ್ರ ಬಜೆಟ್ಟಿನಲ್ಲಿ ಒಂದೇ ಬಾಬ್ತಿಗೆ ಮೂರು ಅಂಕಿಗಳು ಬೇರೆ ಬೇರೆ ವರ್ಷಗಳಲ್ಲಿ ಬರುತ್ತವೆ: ಫೆಬ್ರುವರಿ 1ರಂದು ಘೋಷಿಸುವ ಅಂದಾಜು, ಮರುವರ್ಷ ಬರುವ ಪರಿಷ್ಕೃತ ಅಂದಾಜು, ಅದರ ಮುಂದಿನ ವರ್ಷ ಕಾಣಸಿಗುವ ವಾಸ್ತವ ಖರ್ಚು. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮೊದಲನೆಯದು ಮಾತ್ರ. ಮೂರನೆಯದು ಬರುವ ಹೊತ್ತಿಗೆ ಯಾರಿಗೂ ಆಸಕ್ತಿ ಉಳಿದಿರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಮೂರಕ್ಕೂ ಜಾಗ ಬಿಡಿ, ಮತ್ತು ಮೂರನೆಯದು ತುಂಬುವವರೆಗೆ ಆ ಸಾಲನ್ನು ಒಟ್ಟು ಮೊತ್ತದಲ್ಲಿ ಸೇರಿಸಬೇಡಿ.

ಸ್ಮಾರ್ಟ್ ಸಿಟಿಯ ಸಾಲಿನಲ್ಲಿ ನಾನೇ ಒಮ್ಮೆ ಎಡವಿದ್ದೇನೆ. 2015ರ ಜೂನ್‌ನಲ್ಲಿ ಆರಂಭವಾದ ಈ ಯೋಜನೆಗೆ ಹುಬ್ಬಳ್ಳಿ–ಧಾರವಾಡ ಆಯ್ಕೆಯಾದದ್ದು 2016ರ ಸೆಪ್ಟೆಂಬರ್‌ನಲ್ಲಿ. ಪ್ರತಿ ನಗರಕ್ಕೆ ಕೇಂದ್ರದಿಂದ ಸುಮಾರು 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ ಎಂಬುದು ಅದರ ಚೌಕಟ್ಟಾಗಿತ್ತು. ಮೊದಲ ಸಲ ಲೆಕ್ಕ ಮಾಡುವಾಗ ನಾನು ಸಾವಿರ ಕೋಟಿಯನ್ನೂ ದೆಹಲಿಯ ಕಡೆಗೆ ಬರೆದೆ. ಆಮೇಲೆ ಅದೇ ಹಣದಲ್ಲಿ ಆದ ಉದ್ಯಾನ, ರಸ್ತೆ, ಮಾರುಕಟ್ಟೆಗಳ ಉದ್ಘಾಟನೆಯ ಸುದ್ದಿಗಳು ಬಂದಂತೆಲ್ಲ ಪ್ರತಿಯೊಂದನ್ನೂ ಹೊಸ ಸಾಲಾಗಿ ಸೇರಿಸುತ್ತ ಹೋದೆ. ವ್ಯಾಪಾರಸ್ಥರ ಸಭೆಯೊಂದರಲ್ಲಿ ಆ ಲೆಕ್ಕವನ್ನು ಓದಿದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಲೆಕ್ಕಪರಿಶೋಧಕರೊಬ್ಬರು ಎದ್ದು, "ತಮ್ಮಾ, ಬಾವಿ ನೀರು ಬೇರೆ, ಕೊಡದ ನೀರು ಬೇರೆ ಅಂತ ಎರಡು ಸಲ ಅಳದೀ ನೋಡು" ಎಂದರು. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಯೋಜನೆಯ ಹೆಸರು ಒಂದು ಪುಟಕ್ಕೆ, ಅದರಡಿಯ ಕಾಮಗಾರಿಗಳು ಅದೇ ಪುಟದ ಒಳಸಾಲುಗಳಿಗೆ, ಒಳಸಾಲುಗಳ ಮೊತ್ತ ಹೊರಗೆ ಹೋಗಕೂಡದು.

ಇದೇ ಎಚ್ಚರ ವಿಶ್ವಬ್ಯಾಂಕಿನ ಹಣಕ್ಕೂ ಬೇಕು. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಆರಂಭವಾದ ದಿನದ 24 ಗಂಟೆ ನೀರು ಪೂರೈಕೆಗೆ ಬಂದ ವಿಶ್ವಬ್ಯಾಂಕಿನ ನೆರವು ದೆಹಲಿಯ ಮೂಲಕವೇ ಹಾದುಬಂದದ್ದು. ಹಾದುಬಂದ ಮಾತ್ರಕ್ಕೆ ಅದು ದೆಹಲಿಯ ಕೊಡುಗೆಯಾಗುವುದಿಲ್ಲ. ಸಾಲದ ಹಣವಾದರೆ ತೀರಿಸುವವರು ಯಾರು ಎಂಬ ಅಂಕಣವೊಂದನ್ನು ಪಕ್ಕದಲ್ಲೇ ಎಳೆಯಿರಿ.

ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಹಂಚುವ ಬಗೆ ಸೂಚಿಸುವ ಹಣಕಾಸು ಆಯೋಗದ ಅನುದಾನದಲ್ಲಿ ಹುಬ್ಬಳ್ಳಿಯವರು ಅವಶ್ಯ ಗಮನಿಸಬೇಕಾದ ಒಂದು ಅಂಕಿಯಿದೆ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 9 ಲಕ್ಷ 43 ಸಾವಿರದಷ್ಟಿತ್ತು. 15ನೇ ಹಣಕಾಸು ಆಯೋಗ ನಗರಗಳನ್ನು ಹತ್ತು ಲಕ್ಷ ದಾಟಿದವು, ದಾಟದವು ಎಂದು ಎರಡು ಗುಂಪು ಮಾಡಿದ್ದರಿಂದ, ಕರ್ನಾಟಕದಲ್ಲಿ ಮೊದಲ ಗುಂಪಿಗೆ ಸೇರಿದ್ದು ಬೆಂಗಳೂರು ಮಾತ್ರ. ಐವತ್ತೇಳು ಸಾವಿರ ಜನರ ಕೊರತೆಯಿಂದ ಹುಬ್ಬಳ್ಳಿ–ಧಾರವಾಡ ಸಣ್ಣ ಪಟ್ಟಣಗಳ ಸಾಲಿನಲ್ಲಿ ಕೂತಿತು. ಎರಡನೆಯ ಗುಂಪಿನ ನಗರಗಳಿಗೆ ಬರುವ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ್ದು, ಉಳಿದ ಶೇ 40ನ್ನು ಮಾತ್ರ ಪಾಲಿಕೆ ತನ್ನ ಇಷ್ಟದ ಕೆಲಸಕ್ಕೆ ಬಳಸಬಹುದಿತ್ತು. ಲೆಕ್ಕಪತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು, ಆಸ್ತಿ ತೆರಿಗೆಗೆ ಕನಿಷ್ಠ ದರ ಅಧಿಸೂಚಿಸುವುದು ಮುಂತಾದ ಷರತ್ತುಗಳೂ ಇದ್ದವು. ಆದ್ದರಿಂದ ಅನುದಾನ ಕಡಿಮೆ ಬಂದ ವರ್ಷವಿದ್ದರೆ ದೆಹಲಿಯನ್ನು ದೂರುವ ಮೊದಲು, ಪಾಲಿಕೆಯ ಜಾಲತಾಣದಲ್ಲಿ ಆ ವರ್ಷದ ಲೆಕ್ಕಪತ್ರ ಇದೆಯೇ ಎಂದು ನೋಡಿ. ಈ ಷರತ್ತುಗಳು ಆಯೋಗದಿಂದ ಆಯೋಗಕ್ಕೆ ಬದಲಾಗುತ್ತವೆ. ನೀವು ಬರೆಯುವ ವರ್ಷ ಯಾವ ಆಯೋಗದ ಅವಧಿಗೆ ಸೇರಿದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಒಂದು ಲೋಡು ಮೆಣಸಿನಕಾಯಿಯ ತೆರಿಗೆ

ತೆರಿಗೆಯ ಬಗ್ಗೆ ಒಟ್ಟಾರೆ ಮಾತು ಎಷ್ಟಾಡಿದರೂ ಮುಗಿಯದು. ಒಂದೇ ಒಂದು ಬಿಲ್ಲನ್ನು ಹಿಡಿದು ಕೊನೆಯವರೆಗೆ ಹಿಂಬಾಲಿಸುವುದು ಉತ್ತಮ. ಪರಿಚಯದ ಅಡತಿ ಅಂಗಡಿಗೆ ಹೋಗಿ, ದೆಹಲಿಗೆ ಕಳಿಸಿದ ಬ್ಯಾಡಗಿ ಮೆಣಸಿನಕಾಯಿಯ ಬಿಲ್ಲು, ಸರಕು ಸಾಗಿಸಲು ಜಿಎಸ್‌ಟಿ ಜಾಲತಾಣದಲ್ಲಿ ಪಡೆಯುವ ಇ-ವೇ ಬಿಲ್ಲು ಮತ್ತು ಲಾರಿಯವರು ಕೊಡುವ ಸಾಗಣೆಯ ರಸೀದಿಯಾದ ಬಿಲ್ಟಿಯನ್ನು ತೋರಿಸಲು ಕೇಳಿ. ದೆಹಲಿಯ ಫತೇಪುರಿ ಮಸೀದಿಯ ಪಕ್ಕದ ಮಸಾಲೆ ಪೇಟೆ ಖಾರಿ ಬಾವಲಿಗೆ ದಕ್ಷಿಣದ ಮಸಾಲೆ ಹೋಗುವುದು ಇಂದು ನಿನ್ನೆಯ ರೂಢಿಯಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿಗೆ ಅಲ್ಲಿ ಬೇಡಿಕೆಯಿರುವುದು ಅದರ ಖಾರಕ್ಕಲ್ಲ, ಬಣ್ಣಕ್ಕೆ. ಡಬ್ಬಿ, ಕಡ್ಡಿ ಎಂಬ ತಳಿಯ ಹೆಸರು, ತೊಟ್ಟು ಬಿಡಿಸಿದ್ದೋ ಅಲ್ಲವೋ ಎಂಬುದು ಅಂಗಡಿಯವರ ಚೀಟಿಯಲ್ಲಿ ಇರುತ್ತದೆ. ಬಿಲ್ಲಿನಲ್ಲಿ ಎಲ್ಲವೂ "ಒಣ ಮೆಣಸಿನಕಾಯಿ" ಎಂದಷ್ಟೇ.

ಬಿಲ್ಲಿನ ಮೇಲೆ ಜಿಎಸ್‌ಟಿ ನೋಂದಣಿ ಸಂಖ್ಯೆಗಳಿರುತ್ತವೆ. ಮಾರಿದವರ ಸಂಖ್ಯೆ 29ರಿಂದ ಆರಂಭವಾದರೆ ಕರ್ನಾಟಕ, ಕೊಂಡವರದು 07ರಿಂದ ಆರಂಭವಾದರೆ ದೆಹಲಿ. ಮೊತ್ತ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಣ ಮೆಣಸಿನಕಾಯಿಗೆ ಶೇ 5ರ ದರದಲ್ಲಿ 50,000 ರೂಪಾಯಿ ತೆರಿಗೆ. ಇದೇ ಲೋಡು ದಾವಣಗೆರೆಗೆ ಹೋಗಿದ್ದರೆ 25,000 ಕೇಂದ್ರಕ್ಕೆ, 25,000 ಕರ್ನಾಟಕಕ್ಕೆ ಸೇರುತ್ತಿತ್ತು. ದೆಹಲಿಗೆ ಹೋದದ್ದರಿಂದ ಅದು ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ನಡೆದ ಮಾರಾಟದ ತೆರಿಗೆ ಆಗಿ ಪೂರ್ತಿ ಕೇಂದ್ರದ ಖಾತೆಗೆ ಹೋಗಿ, ರಾಜ್ಯದ ಪಾಲಿನ 25,000 ಮಾಲು ಬಳಕೆಯಾಗುವ ಕಡೆಗೆ, ಅಂದರೆ ದೆಹಲಿಯ ಸರ್ಕಾರಕ್ಕೆ ಸಲ್ಲುತ್ತದೆ. 2017ರ ಜುಲೈ 1ರಿಂದ ಬಂದ ಈ ವ್ಯವಸ್ಥೆಯಲ್ಲಿ ತೆರಿಗೆಯು ಬೆಳೆದ ನೆಲದ ಹಿಂದೆ ಹೋಗುವುದಿಲ್ಲ, ತಿನ್ನುವ ಬಾಯಿಯ ಹಿಂದೆ ಹೋಗುತ್ತದೆ.

ಕೇಂದ್ರದ ಪಾಲಿನ 25,000 ಎಲ್ಲಿ ಹೋಯಿತು ಎಂಬುದನ್ನೂ ಹಿಂಬಾಲಿಸೋಣ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ, ಹಂಚಬೇಕಾದ ಕೇಂದ್ರ ತೆರಿಗೆಗಳ ನಿಧಿಯ ಶೇ 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ 3.647. ಸಂಗ್ರಹದ ವೆಚ್ಚ ಮುಂತಾದ ಕಡಿತಗಳನ್ನು ಬದಿಗಿಟ್ಟು ಗುಣಿಸಿದರೆ, 25,000ದಲ್ಲಿ ರಾಜ್ಯಗಳ ಪಾಲು 10,250, ಕರ್ನಾಟಕಕ್ಕೆ ಮರಳುವುದು ಸುಮಾರು 374 ರೂಪಾಯಿ. ಅದಕ್ಕೂ ಹಿಂದಿನ ಆಯೋಗದ ಶೇ 42 ಮತ್ತು ಶೇ 4.713ರ ಲೆಕ್ಕದಲ್ಲಿ ಇದೇ ಮೊತ್ತ ಸುಮಾರು 495 ಆಗುತ್ತಿತ್ತು. ಬೇರೆ ಅವಧಿಯ ಬಿಲ್ಲಾದರೆ ಆ ಅವಧಿಯ ಅಂಕಿಗಳನ್ನು ಹಾಕಿಕೊಳ್ಳಿ. ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಅದಕ್ಕಾಗಿಯೇ ಎಚ್ಚರ ಬೇಕು: ಕೇಂದ್ರದಲ್ಲಿ ಉಳಿದ ಹಣದಿಂದಲೇ ರೈಲು, ರಾಷ್ಟ್ರೀಯ ಹೆದ್ದಾರಿ, ಸೈನ್ಯ, ಗೊಬ್ಬರದ ಸಬ್ಸಿಡಿ ನಡೆಯುತ್ತದೆ, ಅವು ಹುಬ್ಬಳ್ಳಿಯನ್ನು ತಲುಪದೆಯೂ ಇಲ್ಲ. 374ನ್ನು "ಮರಳಿ ಬಂದದ್ದು ಇಷ್ಟೇ" ಎಂದು ಬರೆಯದೆ, "ತೆರಿಗೆ ಹಂಚಿಕೆಯ ದಾರಿಯಲ್ಲಿ ಮರಳಿದ್ದು ಇಷ್ಟು" ಎಂದು ಬರೆಯಿರಿ.

ಇ-ವೇ ಬಿಲ್ಲಿನಲ್ಲಿ ದೂರ, ವಾಹನ ಸಂಖ್ಯೆ, ಹೊರಟ ಮತ್ತು ತಲುಪುವ ಪಿನ್ ಕೋಡ್ ಇರುತ್ತದೆ. ದಿನಕ್ಕೆ 200 ಕಿ.ಮೀ. ಲೆಕ್ಕದಲ್ಲಿ ಅದರ ಅವಧಿ ನಿಗದಿಯಾಗುವುದರಿಂದ, ಸುಮಾರು 1,900 ಕಿ.ಮೀ. ದೂರದ ದೆಹಲಿಗೆ ಹತ್ತು ದಿನ ಸಿಗುತ್ತದೆ. ತಲುಪುವ ಜಾಗವನ್ನು ಮಾತ್ರ ಎರಡು ಸಲ ಓದಿ. ಬಿಲ್ಲು ದೆಹಲಿಯ ಸಂಸ್ಥೆಯ ಹೆಸರಿನಲ್ಲಿದ್ದು, ಮಾಲು ಬೇರೆ ರಾಜ್ಯದಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗೆ ನೇರವಾಗಿ ಹೋಗಿರುವುದು ಅಪರೂಪವಲ್ಲ. ಅಂಥ ಸಂದರ್ಭದಲ್ಲಿ ತೆರಿಗೆಯ ದೃಷ್ಟಿಯಿಂದ ಅದು ದೆಹಲಿಗೆ ಮಾರಿದ ಮಾಲು, ಲಾರಿಯ ದೃಷ್ಟಿಯಿಂದ ಅಲ್ಲ. ಬಿಲ್ಲು ಒಂದು ಕಡೆ, ಬಿಲ್ಟಿ ಇನ್ನೊಂದು ಕಡೆ ತೋರಿಸಿದರೆ ಎರಡನ್ನೂ ಬರೆದು, ಸರಕಿನ ಪುಟದಿಂದ ಹೊರಗಿಡಿ. ನೀವು ಬಿಲ್ಲನ್ನು ನೋಡಿದ್ದು ವಿಶ್ವಾಸದಿಂದ. ಅಂಗಡಿಯ ಹೆಸರು, ನೋಂದಣಿ ಸಂಖ್ಯೆ ನಿಮ್ಮ ಬರಹದಲ್ಲಿ ಕಾಣಿಸಿಕೊಳ್ಳಬಾರದು.

ಆದಾಯ ತೆರಿಗೆಯ ಅಂಕಿಗಳನ್ನು ಊರಿನ ಮಟ್ಟದಲ್ಲಿ ಬಳಸುವುದಕ್ಕೆ ನಾನು ಹಿಂಜರಿಯುತ್ತೇನೆ. ಕಂಪನಿಯ ನೋಂದಾಯಿತ ಕಚೇರಿ ಎಲ್ಲಿದೆಯೋ ತೆರಿಗೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹುಟ್ಟಿದ ಲಾಭ ಮುಂಬೈಯ ಅಂಕಿಯಲ್ಲೋ ದೆಹಲಿಯ ಅಂಕಿಯಲ್ಲೋ ಕೂತಿರಬಹುದು.

ರೈಲು ಮತ್ತು ಬ್ಯಾಂಕು

2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ವಲಯ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯೊಂದಿಗೆ ಆರಂಭವಾಯಿತು. ಆ ವಲಯದ ಆದಾಯವನ್ನು ಹುಬ್ಬಳ್ಳಿಯ ಗಳಿಕೆ ಎಂದು ಬರೆಯುವ ತಪ್ಪನ್ನು ಅನೇಕರು ಮಾಡುತ್ತಾರೆ. ಬಳ್ಳಾರಿ ಸೀಮೆಯ ಅದಿರು, ಬೆಂಗಳೂರಿನ ಪ್ರಯಾಣಿಕರು, ಮುರಗಾಂವ್ ಬಂದರಿನ ಕಲ್ಲಿದ್ದಲು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಹುಬ್ಬಳ್ಳಿಯ ಅಂಗಡಿ ಬೀದಿಗೆ ತಾಗುವುದು ವಲಯ ಕಚೇರಿಯ ಮತ್ತು ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಇರುವ ಕಾರ್ಯಾಗಾರದ ಸಂಬಳ, ನಿವೃತ್ತರ ಪಿಂಚಣಿ, ಸ್ಥಳೀಯ ಗುತ್ತಿಗೆಗಳು. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಸುದ್ದಿಯಾಯಿತು. ಲೆಕ್ಕದ ಪುಸ್ತಕಕ್ಕೆ ಬೇಕಾದದ್ದು ಅದರ ಉದ್ದವಲ್ಲ, ಅಲ್ಲಿಂದ ದೆಹಲಿಯ ಹಜರತ್ ನಿಜಾಮುದ್ದೀನ್‌ಗೆ ವಾರಕ್ಕೆ ಎಷ್ಟು ಗಾಡಿ ಹೊರಡುತ್ತವೆ, ಪಾರ್ಸಲ್ ಬೋಗಿಯಲ್ಲಿ ಜಾಗ ಸಿಗುತ್ತದೆಯೇ ಎಂಬುದು. ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನೊಳಗೆ ಸೇರಿಹೋದರೂ, ಯಾವ ಕಾಮಗಾರಿಗೆ ಎಷ್ಟು ಎಂಬ ವಲಯವಾರು ಪಟ್ಟಿ "ಪಿಂಕ್ ಬುಕ್" ಎಂಬ ಹೆಸರಿನಲ್ಲಿ ಬರುತ್ತಲೇ ಇದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಸಾಲನ್ನು ಅದರಲ್ಲಿ ವರ್ಷದಿಂದ ವರ್ಷಕ್ಕೆ ಓದುತ್ತ ಬಂದರೆ, ಮಂಜೂರಾತಿಗೂ ಅರಣ್ಯದ ಅನುಮತಿಗೂ ನಡುವೆ ಒಂದು ಪೀಳಿಗೆಯೇ ಕಳೆಯಬಹುದು ಎಂಬುದು ತಿಳಿಯುತ್ತದೆ.

ಬ್ಯಾಂಕಿನ ವಿಷಯದಲ್ಲಿ ಒಂದೇ ಅಂಕಿ ಸಾಕು: ಜಿಲ್ಲೆಯಲ್ಲಿ ಸಂಗ್ರಹವಾದ ಪ್ರತಿ ನೂರು ರೂಪಾಯಿ ಠೇವಣಿಗೆ ಎಷ್ಟು ಸಾಲ ಹೋಗಿದೆ ಎಂಬ ಅನುಪಾತ. ಇದು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಯ ಕಡತಗಳಲ್ಲಿ ಜಿಲ್ಲಾವಾರು ಸಿಗುತ್ತದೆ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ, ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕು ಎಂಬ ಕೇಂದ್ರದ ತೀರ್ಮಾನದಂತೆ, ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಗ್ರಾಮೀಣ ಬ್ಯಾಂಕುಗಳಲ್ಲಿ ಅರ್ಧದಷ್ಟು ಒಡೆತನ ಕೇಂದ್ರದ್ದೇ ಆದ್ದರಿಂದ ಇದು ದೆಹಲಿಯ ಪುಟಕ್ಕೇ ಸೇರಬೇಕಾದ ಸಾಲು. ಬಲಗಡೆ ಏನು ಬರೆಯಬೇಕು ಎಂಬುದಕ್ಕೆ ಧಾರವಾಡದಲ್ಲಿ ಆ ಕಚೇರಿಯ ಸುತ್ತಲಿನ ಖಾನಾವಳಿ, ಜೆರಾಕ್ಸ್ ಅಂಗಡಿಗಳವರನ್ನು ಕೇಳಿ.

ಆದೇಶ ಹೊರಟ ದಿನ, ದರ ಬಿದ್ದ ದಿನ

ಈಗ ಮುಖ್ಯ ಕೆಲಸಕ್ಕೆ ಬರೋಣ. ಉಳ್ಳಾಗಡ್ಡಿಯಿಂದ ಆರಂಭಿಸುವುದು ಸುಲಭ, ಏಕೆಂದರೆ ಅದರ ತಾರೀಖುಗಳು ಸ್ಪಷ್ಟವಾಗಿವೆ. ದೆಹಲಿಯ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ತುಟ್ಟಿಯಾದರೆ ಸರ್ಕಾರಗಳು ಹೆದರುತ್ತವೆ. ಉಳ್ಳಾಗಡ್ಡಿಯ ಬೆಲೆಯಿಂದಲೇ ಆಳುವ ಪಕ್ಷ ಸೋತಿತು ಎನ್ನಲಾಗುವ 1998ರ ದೆಹಲಿ ವಿಧಾನಸಭಾ ಚುನಾವಣೆಯ ನೆನಪು ಯಾವ ಪಕ್ಷಕ್ಕೂ ಮಾಸಿಲ್ಲ. ಆ ಹೆದರಿಕೆಯ ಬೆಲೆಯನ್ನು ಧಾರವಾಡ, ಗದಗ ಸೀಮೆಯ ರೈತ ಎಷ್ಟು ತೆತ್ತಿದ್ದಾನೆ ಎಂಬುದು ನಿಮ್ಮ ಪುಸ್ತಕದಲ್ಲಿ ಕಾಣಬೇಕು. ಎಡಗಡೆ ಈ ಸಾಲುಗಳನ್ನು ಬರೆಯಿರಿ: 2023ರ ಆಗಸ್ಟ್ 19, ರಫ್ತಿನ ಮೇಲೆ ಶೇ 40 ಸುಂಕ; 2023ರ ಡಿಸೆಂಬರ್ 8, ರಫ್ತು ಪೂರ್ತಿ ನಿಷೇಧ; 2024ರ ಮೇ 4, ನಿಷೇಧ ತೆರವು, ಆದರೆ ಟನ್ನಿಗೆ 550 ಡಾಲರ್ ಕನಿಷ್ಠ ದರ ಮತ್ತು ಶೇ 40 ಸುಂಕ; 2024ರ ಸೆಪ್ಟೆಂಬರ್, ಕನಿಷ್ಠ ದರ ರದ್ದಾಗಿ ಸುಂಕ ಶೇ 20ಕ್ಕೆ; 2025ರ ಏಪ್ರಿಲ್ 1, ಸುಂಕವೂ ರದ್ದು. ಧಾರವಾಡ ಲೋಕಸಭಾ ಕ್ಷೇತ್ರದ ಮತದಾನ 2024ರ ಮೇ 7ರಂದು ನಡೆಯಿತು ಎಂಬುದನ್ನು ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದಿಡಬಹುದು. ಅದರಿಂದ ತೀರ್ಮಾನ ತೆಗೆಯುವ ಕೆಲಸ ಓದುಗರದು.

ಬಲಗಡೆಗೆ, ಮಾರುಕಟ್ಟೆಗಳ ದರ ಪ್ರಕಟಿಸುವ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಿಂದ ಹುಬ್ಬಳ್ಳಿ ಮಾರುಕಟ್ಟೆಯ ದಿನವಾರು ಆವಕ ಮತ್ತು ದರವನ್ನು ತೆಗೆಯಿರಿ. ಪ್ರತಿ ತಾರೀಖಿನ ಹಿಂದಿನ ಹದಿನೈದು ದಿನ, ಮುಂದಿನ ಹದಿನೈದು ದಿನ ಸಾಕು. ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ಮಾಲು ಮಾರಾಟವಾದ ದರ ಎಂದು ಮೂರಿರುತ್ತವೆ. ಮೂರನೆಯದನ್ನೇ ಬಳಸಿ, ಗರಿಷ್ಠ ದರ ಒಂದೆರಡು ಚೀಲದ ಮೇಲೆ ನಿಂತಿರುತ್ತದೆ. ಸ್ಥಳೀಯ, ತೆಲಗಿ ಎಂಬ ತಳಿಗಳನ್ನು ಬೆರೆಸಬೇಡಿ.

ಇಲ್ಲಿಯೇ ಆತುರದ ತೀರ್ಮಾನ ನಮ್ಮನ್ನು ಕೆಡಿಸುವುದು. ಮುಂಗಾರಿನ ಉಳ್ಳಾಗಡ್ಡಿ ಮಾರುಕಟ್ಟೆಗೆ ನುಗ್ಗುವ ಕಾಲದಲ್ಲಿ ಆದೇಶವಿಲ್ಲದಿದ್ದರೂ ದರ ಇಳಿಯುತ್ತದೆ. ಆದ್ದರಿಂದ ಅದೇ ದಿನಗಳ ಆವಕವನ್ನು ನೋಡಿ: ಚೀಲಗಳ ಸಂಖ್ಯೆ ಹೆಚ್ಚದೆ ದರ ಮಾತ್ರ ಒಂದೆರಡು ದಿನದಲ್ಲಿ ಕುಸಿದಿದ್ದರೆ, ಮತ್ತು ಅದೇ ದಿನ ಬೆಂಗಳೂರಿನ ಯಶವಂತಪುರದಲ್ಲೂ ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲೂ ಕುಸಿದಿದ್ದರೆ, ಕಾರಣ ದೆಹಲಿಯ ಆದೇಶ ಎನ್ನಬಹುದು. ಹುಬ್ಬಳ್ಳಿಯಲ್ಲಿ ಮಾತ್ರ ಬಿದ್ದಿದ್ದರೆ ಮಳೆಗೆ ತೊಯ್ದ ಮಾಲು ಬಂದಿರಬಹುದು, ಖರೀದಿದಾರರು ಕಡಿಮೆ ಇದ್ದಿರಬಹುದು. ಹಾಗೆಯೇ ದೆಹಲಿಯ ಆಜಾದ್‌ಪುರ ಮಂಡಿಯ ದರವನ್ನೂ ಮೂರನೆಯ ಸಾಲಾಗಿ ಇಟ್ಟುಕೊಳ್ಳಿ. ಇಲ್ಲಿ ಕುಸಿದಷ್ಟು ಅಲ್ಲಿ ಇಳಿಯದಿದ್ದರೆ, ರೈತ ಕಳೆದುಕೊಂಡದ್ದು ದೆಹಲಿಯ ಗ್ರಾಹಕನಿಗೂ ಪೂರ್ತಿ ಸಿಗಲಿಲ್ಲ ಎಂದಾಯಿತು.

ನಷ್ಟದ ಮೊತ್ತ ಕಟ್ಟುವಾಗ ದರದ ವ್ಯತ್ಯಾಸವನ್ನು ಆ ಹದಿನೈದು ದಿನ ನಿಜವಾಗಿ ಮಾರಾಟವಾದ ಕ್ವಿಂಟಲ್‌ಗಳಿಂದ ಮಾತ್ರ ಗುಣಿಸಿ. ಇಡೀ ಜಿಲ್ಲೆಯ ವಾರ್ಷಿಕ ಬೆಳೆಯಿಂದ ಗುಣಿಸಿ ಭಾರಿ ಮೊತ್ತ ತೋರಿಸಿದ ಮನವಿ ಪತ್ರಗಳನ್ನು ದೆಹಲಿಯ ಅಧಿಕಾರಿಗಳು ಮೊದಲ ಪುಟದಲ್ಲೇ ಮಡಚಿಡುತ್ತಾರೆ.

ಹೆಸರುಕಾಳಿನಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ತೊಂದರೆ ಕೊಡುವುದು ಬಂದ ಆದೇಶವಲ್ಲ, ತಡವಾದ ಆದೇಶ. ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ 2024–25ಕ್ಕೆ ಕ್ವಿಂಟಲ್‌ಗೆ 8,682, 2025–26ಕ್ಕೆ 8,768. ಈ ಸೀಮೆಯ ಹೆಸರು ಆಗಸ್ಟ್ ಹೊತ್ತಿಗೆ ಕಣಕ್ಕೆ ಬರುತ್ತದೆ, ಒಣಗಿಸಿ ಇಡಲು ಜಾಗವಿಲ್ಲದವನು, ಹಿಂಗಾರಿನ ಬೀಜಕ್ಕೆ ದುಡ್ಡು ಬೇಕಾದವನು ಬಂದ ದರಕ್ಕೆ ಮಾರುತ್ತಾನೆ. ದೆಹಲಿಯ ಸಹಕಾರಿ ಖರೀದಿ ಸಂಸ್ಥೆ ನಾಫೆಡ್ ಪರವಾಗಿ ಖರೀದಿಗೆ ಕೇಂದ್ರದ ಒಪ್ಪಿಗೆ, ರಾಜ್ಯದ ಆದೇಶ, ಸಹಕಾರ ಸಂಘಗಳಲ್ಲಿ ನೋಂದಣಿ, ಗೋಣಿಚೀಲದ ಪೂರೈಕೆ, ಇಷ್ಟೂ ಮುಗಿದು ಮೊದಲ ಚೀಲ ತೂಗುವುದು ಯಾವ ದಿನ? ಈ ಐದು ತಾರೀಖುಗಳನ್ನು ಐದು ವರ್ಷ ಬರೆದಿಟ್ಟರೆ, ತಡವಾಗುತ್ತಿರುವುದು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಗೋಣಿಚೀಲದಲ್ಲೋ ಎಂಬುದು ತಾನಾಗಿ ಕಾಣುತ್ತದೆ.

ಸಿಗದ ಅಂಕಿಗಳನ್ನು ಕೇಳಿ ಪಡೆಯುವುದು

ಎರಡು ದಾರಿಗಳಿವೆ. ಮೊದಲನೆಯದು ಸಂಸತ್ತಿನ ಪ್ರಶ್ನೋತ್ತರ. ಉತ್ತರಗಳೆಲ್ಲ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ಧಾರವಾಡದ ಸಂಸದರ ಹೆಸರಿನಲ್ಲಿ ಹುಡುಕಿ ಏನೂ ಸಿಗಲಿಲ್ಲವೆಂದು ಕೈಬಿಟ್ಟವರನ್ನು ನೋಡಿದ್ದೇನೆ. ಪ್ರಲ್ಹಾದ ಜೋಶಿ ಅವರು 2019ರಿಂದ ಕೇಂದ್ರ ಸಚಿವರು. ಸಚಿವರಾದವರು ಸದನದಲ್ಲಿ ಪ್ರಶ್ನೆಗೆ ಉತ್ತರಿಸುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಊರಿನ ಹೆಸರಿನಿಂದ, ಹಳೆಯ "ಹುಬ್ಳಿ" ಕಾಗುಣಿತದಿಂದಲೂ, ಅಕ್ಕಪಕ್ಕದ ಕ್ಷೇತ್ರಗಳ ಸಂಸದರ ಹೆಸರಿನಿಂದಲೂ ಹುಡುಕಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಬಂದ ಲಿಖಿತ ಉತ್ತರಗಳ ಅನುಬಂಧದಲ್ಲಿಯೇ ನಗರವಾರು ಬಿಡುಗಡೆಯಾದ ಹಣದ ಪಟ್ಟಿಗಳು ಹೆಚ್ಚಾಗಿ ಇರುತ್ತವೆ.

ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಹುಬ್ಬಳ್ಳಿಗೆ ಕೊಟ್ಟ ಅನುದಾನದ ವಿವರ ಕೊಡಿ" ಎಂದು ಕೇಳಿದರೆ "ಅಂಥ ಕ್ರೋಡೀಕೃತ ಮಾಹಿತಿ ಇಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಯೋಜನೆಯ ಹೆಸರು, ಆರ್ಥಿಕ ವರ್ಷ, ಬಿಡುಗಡೆ ಆದೇಶದ ಪ್ರತಿ, ಬಳಕೆ ಪ್ರಮಾಣಪತ್ರದ ಪ್ರತಿ ಎಂದು ದಾಖಲೆಯನ್ನೇ ಹೆಸರಿಸಿ ಕೇಳಿ. ಬಿಡುಗಡೆ ಆದೇಶ ದೆಹಲಿಯ ಇಲಾಖೆಯಲ್ಲೂ ಬಳಕೆ ಪ್ರಮಾಣಪತ್ರ ಇಲ್ಲಿನ ಕಚೇರಿಯಲ್ಲೂ ಇರುವುದರಿಂದ ಅರ್ಜಿಗಳೂ ಎರಡಾಗಲಿ. ಎರಡು ಉತ್ತರಗಳ ತಾರೀಖು ತಾಳೆಯಾಗದಿದ್ದರೆ ನಿಮ್ಮ ವರದಿ ಅಲ್ಲಿಂದಲೇ ಆರಂಭವಾಗುತ್ತದೆ.

ಬೆಂಗೇರಿಯ ಸಾಲು

ಕೊನೆಯದಾಗಿ, ಈ ಪುಸ್ತಕದಲ್ಲಿ ಹುಬ್ಬಳ್ಳಿಗೆ ಮಾತ್ರ ಇರುವ ಒಂದು ಪುಟ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೋದ ಪ್ರಮಾಣೀಕರಣದೊಂದಿಗೆ ಖಾದಿಯ ರಾಷ್ಟ್ರಧ್ವಜವನ್ನು ತಯಾರಿಸುವ ಘಟಕ ಎಂದು ದೇಶಕ್ಕೆಲ್ಲ ಹೆಸರಾದದ್ದು. ಬಾಗಲಕೋಟೆ ಕಡೆಯ ಕೈಮಗ್ಗಗಳಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಪಡೆದು, ಕತ್ತರಿಸಿ, ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲಿ ಹೊಲಿಗೆಯಾಗುತ್ತದೆ. ಅಂಗೈಯಗಲದ 6 ಅಂಗುಲ–4 ಅಂಗುಲದಿಂದ ಹಿಡಿದು 21 ಅಡಿ–14 ಅಡಿಯವರೆಗೆ ಒಂಬತ್ತು ಅಳತೆಗಳು. ಬಿಳಿ ಪಟ್ಟಿಯ ಎರಡೂ ಬದಿಯ ಚಕ್ರದ 24 ಅರೆಗಳು ಬೆಳಕಿಗೆ ಹಿಡಿದಾಗ ಒಂದರ ಮೇಲೊಂದು ಕೂಡಬೇಕು; ಕೂಡದಿದ್ದರೆ ಆ ಬಟ್ಟೆ ಧ್ವಜವಾಗುವುದಿಲ್ಲ.

ಇಲ್ಲಿ ಸಾಗುವ ಸರಕಿನ ಬಹುಪಾಲು ಸರ್ಕಾರಿ ಕಚೇರಿಗಳಿಗೆ ಹೋಗುವಂಥದ್ದು, ಅದರ ಮಾರುಕಟ್ಟೆಯನ್ನು ರೂಪಿಸುವ ಧ್ವಜ ಸಂಹಿತೆ ದೆಹಲಿಯ ಗೃಹ ಸಚಿವಾಲಯದ್ದು. 2021ರ ಡಿಸೆಂಬರ್ 30ರಂದು ಆ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಾಯಿತು. 2022ರ ಆಗಸ್ಟ್‌ನಲ್ಲಿ ಮನೆಮನೆಯಲ್ಲೂ ಧ್ವಜ ಹಾರಿಸುವ ಅಭಿಯಾನ ನಡೆಯಿತು. ದೇಶದಲ್ಲಿ ಹಿಂದೆಂದೂ ಇಲ್ಲದಷ್ಟು ಧ್ವಜಗಳು ಮಾರಾಟವಾದ ಆ ವರ್ಷವೇ ಬೆಂಗೇರಿಯವರು ತಿದ್ದುಪಡಿಯ ವಿರುದ್ಧ ಬಹಿರಂಗವಾಗಿ ದನಿ ಎತ್ತಬೇಕಾಯಿತು.

ಎಡಗಡೆ ಬರೆಯಬೇಕಾದ ತಾರೀಖು ನಿಮ್ಮ ಬಳಿ ಇದೆ. ಬಲಗಡೆಯದು ಜಾಲತಾಣದಲ್ಲಿ ಸಿಗುವುದಿಲ್ಲ. ಆಗಸ್ಟ್ 15ಕ್ಕೆ ಒಂದೂವರೆ ತಿಂಗಳ ಮೊದಲು, ಬೇಡಿಕೆಯ ಕಾಲದಲ್ಲೇ, ಅನುಮತಿ ಪಡೆದು ಬೆಂಗೇರಿಗೆ ಹೋಗಿ. ಎಷ್ಟು ಧ್ವಜ ಮಾರಿದಿರಿ ಎಂದು ಮೊದಲು ಕೇಳಬೇಡಿ. ಯಾವ ಅಳತೆಯ ಧ್ವಜ ಎಷ್ಟು ಎಂದು ಕೇಳಿ, ಏಕೆಂದರೆ ಪಾಲಿಯೆಸ್ಟರ್ ಮೊದಲು ಪೈಪೋಟಿ ಒಡ್ಡುವುದು ಸಣ್ಣ ಅಳತೆಗಳಿಗೆ, ದೊಡ್ಡ ಧ್ವಜಸ್ತಂಭಗಳಿಗಲ್ಲ. ಆಮೇಲೆ ಹೊಲಿಗೆ ಕೋಣೆಯಲ್ಲಿ ನಿಂತು, ಒಟ್ಟು ಯಂತ್ರಗಳಲ್ಲಿ ಎಷ್ಟು ಓಡುತ್ತಿವೆ, ಎಷ್ಟರ ಮೇಲೆ ಹೊದಿಕೆ ಇದೆ ಎಂದು ಎಣಿಸಿ, ಆ ಎರಡು ಅಂಕಿಗಳನ್ನು ತಾರೀಖಿನ ಸಮೇತ ಬಲಗಡೆಯ ಸಾಲಿನಲ್ಲಿ ಬರೆಯಿರಿ.